ಸಾಹುಕಾರರ ಹೆಸರಿನಲ್ಲಿ ಹಾಕಿದ ಮಯೂರಾಸನ

“ತಿರುಮಕೂಡಲು ನರಸೀಪುರದ ಸಾಹುಕಾರರು ಜರತಾರಿ ಶಾಲು ಹಿಡಿದು, ‘ನನ್ನ ಹೆಸರಿನಲ್ಲಿ ನೀವೇ ಯೋಗಾಸನ ಮಾಡಿಕೊಡಿ’ ಎಂದು ಕೇಳಿದರಂತೆ. ನಂಜನಗೂಡಿನ ಯೋಗದ ಮೇಷ್ಟರು ಶಾಲಿನ ಕಡೆ ಕಣ್ಣು ಕೂಡ ಹಾಯಿಸದೆ, ‘ಉಣ್ಣುವವನು ನೀನು, ಬಗ್ಗುವವನು ನಾನೋ? ಇಳಿ ಉಯ್ಯಾಲೆಯಿಂದ!’ ಎಂದು ಗುಡುಗಿದರಂತೆ. ಸಾಹುಕಾರರು ಗಡಗಡ ನಡುಗಿ ಇಳಿದರಂತೆ. ಅಂದಿನಿಂದ ಆ ಮೇಷ್ಟರು ಹಾಕಿದ ಗೆರೆಯನ್ನು ಅಮಲ್ದಾರರೂ ದಾಟಲಿಲ್ಲವಂತೆ.”

ಈ ಕಥೆಯಲ್ಲಿ ನಾಲ್ಕು ‘ಅಂತೆ’ಗಳಿವೆ. ಮೊದಲನೆಯದನ್ನು ಶಾಲು ಕಳೆದು ಅರ್ಧ ಒಪ್ಪುತ್ತೇನೆ. ಉಳಿದ ಮೂರನ್ನು ಪೂರ್ತಿಯಾಗಿ ನಿರಾಕರಿಸುತ್ತೇನೆ. ನಿರಾಕರಿಸಲು ನನಗೇನು ಅಧಿಕಾರವೆಂದು ಕೇಳುವವರಿಗೆ ಉತ್ತರ: ಆ ಮೇಷ್ಟರು ನಾನೇ. ಕಥೆಯೊಳಗಿನ ಆ ಧೀರ ಪುರುಷರನ್ನು ಮಾತ್ರ ನಾನು ಇಂದಿನವರೆಗೂ ಭೇಟಿಯಾಗಿಲ್ಲ.

ಕೇಳಿದ್ದನ್ನು ಕೇಳಿದ ಹಾಗೆ ನಂಬುವುದು ನನ್ನ ಜಾಯಮಾನವಲ್ಲ. ದೇವಸ್ಥಾನಕ್ಕೆ ಇಷ್ಟು ಕಂಬಗಳೆಂದು ಯಾರಾದರೂ ಹೇಳಿದರೆ ಎಣಿಸಿಕೊಂಡು ಬರುತ್ತೇನೆ. ಶಾಸನದಲ್ಲಿ ಹಾಗಿದೆ ಎಂದವರನ್ನು ‘ಎಷ್ಟನೆಯ ಸಾಲಿನಲ್ಲಿ?’ ಎಂದು ಕೇಳಿ ಎಷ್ಟೋ ಮನೆಗಳ ಕಾಫಿ ಕಳೆದುಕೊಂಡಿದ್ದೇನೆ. ಇಂಥವನು ನನ್ನ ವಿಷಯದಲ್ಲೇ ಹುಟ್ಟಿದ ಈ ಸುಳ್ಳನ್ನು ಅಷ್ಟೊಂದು ವರ್ಷ ತಲೆ ತಗ್ಗಿಸಿ, ಮುಗುಳ್ನಕ್ಕು ಕೇಳುತ್ತ ಬಂದೆ. ಅದು ಹೊಗಳಿಕೆಯಾಗಿತ್ತು ಎಂಬುದರ ಹೊರತು ಬೇರೆ ಕಾರಣವಿರಲಿಲ್ಲ. ಹೋದ ತಿಂಗಳು ವ್ಯಾಯಾಮದ ಮೇಷ್ಟರಾಗಿ ಹೊಸದಾಗಿ ಸೇರಿರುವ ತರುಣರೊಬ್ಬರು ನನ್ನಲ್ಲಿಗೆ ಬಂದು, ‘ಶಿಷ್ಯರನ್ನು ಅವರವರ ಮಿತಿಯಲ್ಲಿ ಇಡುವುದು ಹೇಗೆ? ತಾವು ಸಾಹುಕಾರರಿಗೆ ಗುಡುಗಿದಂತೆ ನಾನೂ ಒಮ್ಮೆ ಗುಡುಗಿಬಿಡಲೇ?’ ಎಂದು ಕೇಳಿದರು. ಅವರ ಕೆಲಸ ಹೋದೀತೆಂದು ಹೆದರಿ ಬರೆಯುತ್ತಿದ್ದೇನೆ.

ಮೊದಲು ನನ್ನ ವಿದ್ಯೆಯ ವಿಷಯ. ನಾನು ಹಿಮಾಲಯದಲ್ಲಿ ಹನ್ನೆರಡು ವರ್ಷ ಅಭ್ಯಾಸ ಮಾಡಿದೆನೆಂದು ಹೇಳುತ್ತಾರೆ. ಆ ಕಾಲಕ್ಕೆ ನಾನು ಉತ್ತರ ದಿಕ್ಕಿನಲ್ಲಿ ಶ್ರೀರಂಗಪಟ್ಟಣವನ್ನು ದಾಟಿರಲಿಲ್ಲ. ಪ್ಲೇಗಿಗೆ ಹೆದರಿ ಊರ ಹೊರಗೆ ಗುಡಿಸಲು ಹಾಕಿಕೊಂಡಿದ್ದ ಜನ ಮನೆಗಳಿಗೆ ಮರಳುತ್ತಿದ್ದ ವರ್ಷ, ಕಪಿಲೆಯ ದಂಡೆಯ ಮಂಟಪದಲ್ಲಿ ಒಬ್ಬ ಬೈರಾಗಿ ಒಂದು ಮಳೆಗಾಲ ತಂಗಿದ್ದ. ಅವನು ನನಗೆ ಏಳು ಆಸನಗಳನ್ನು ಕಲಿಸಿ, ನನ್ನ ಹೊಸ ಕಂಬಳಿಯೊಂದಿಗೆ ಹೊರಟುಹೋದ. ಉಳಿದದ್ದನ್ನು ಒಂದು ಹಳೆಯ ಮುದ್ರಿತ ಪುಸ್ತಕದಿಂದ ಕಲಿತೆ. ಅದರಲ್ಲಿ ಅಲ್ಲಲ್ಲಿ ಹಾಳೆಗಳು ಹೋಗಿದ್ದವು. ಹಾಗಾಗಿ ಕೆಲವು ಆಸನಗಳ ಒಳಗೆ ಹೋಗುವ ಕ್ರಮ ಮಾತ್ರ ಶಾಸ್ತ್ರೋಕ್ತ. ಹೊರಗೆ ಬರುವ ಕ್ರಮ ನಾನೇ ಕಂಡುಕೊಂಡದ್ದು, ಅದೂ ಒಂದೆರಡು ಸಲ ನನ್ನ ಹೆಂಡತಿಯ ಸಹಾಯದಿಂದ.

ಇಷ್ಟು ಬಂಡವಾಳದಲ್ಲಿ ನಾನು ಬೆಳಗಿನ ಹೊತ್ತು ನಮ್ಮ ಮನೆಯ ಹಜಾರದಲ್ಲಿ ಹತ್ತು ಮಂದಿಗೆ ಪಾಠ ಹೇಳುತ್ತಿದ್ದೆ. ಯಾರಿಗೂ ಮೊದಲೇ ಏನನ್ನೂ ಸ್ಪಷ್ಟವಾಗಿ ಹೇಳಿರಲಿಲ್ಲ: ಎಷ್ಟು ಹೊತ್ತು ಪಾಠ, ಯಾವ ಕಾಯಿಲೆಗೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ, ಏನನ್ನು ಕೇಳಬಹುದು, ಏನನ್ನು ಕೇಳಬಾರದು. ಹೇಳಬೇಕೆಂದೂ ನನಗೆ ತೋಚಿರಲಿಲ್ಲ. ವಿದ್ಯೆ ದೊಡ್ಡದು, ಮಾತು ಸಣ್ಣದು ಎಂದು ಭಾವಿಸಿದ್ದೆ. ಹೇಳದೆ ಬಿಟ್ಟದ್ದನ್ನು ಜನ ತಮ್ಮ ರೂಢಿಯಿಂದ ತುಂಬಿಕೊಂಡರು. ನಂಜನಗೂಡಿನ ರೂಢಿ ಎಂಥದೆಂದು ನಾನು ಯೋಚಿಸಬೇಕಾಗಿತ್ತು.

ನಮ್ಮೂರಿಗೆ ಜನ ಬರುವುದೇ ರೋಗ ಕಳೆದುಕೊಳ್ಳಲು. ಕಾಯಿಲೆಯವನು ತಾನೇ ಬರಬೇಕೆಂಬ ನಿಯಮವಿಲ್ಲ. ಮಗನ ಜ್ವರಕ್ಕೆ ತಾಯಿ ಉರುಳುಸೇವೆ ಮಾಡುತ್ತಾಳೆ. ಮಾವನ ಕಣ್ಣಿಗೆ ಅಳಿಯ ಮುಡಿ ಕೊಡುತ್ತಾನೆ. ಮನೆಯಲ್ಲಿ ಮಲಗಿರುವವರ ಹೆಸರು, ನಕ್ಷತ್ರ ಹೇಳಿದರೆ ಅರ್ಚನೆ ನಡೆಯುತ್ತದೆ, ಪ್ರಸಾದ ಬುತ್ತಿಗಂಟಿನಲ್ಲಿ ಊರು ಸೇರುತ್ತದೆ. ದೇವರ ವಿಷಯದಲ್ಲಿ ಇದು ಸರಿಯೇ; ದೇವರಿಗೆ ದೂರವಿಲ್ಲ. ಆದರೆ ಇದೇ ನ್ಯಾಯ ನನ್ನ ಸೊಂಟದವರೆಗೆ ಬರುತ್ತದೆಂದು ನಾನು ಎಣಿಸಿರಲಿಲ್ಲ.

ಮೊದಲು ಬಂದವರು ಹದಿನಾರು ಎಂಬ ಹಳ್ಳಿಯ ಒಬ್ಬ ರೈತನ ಹೆಂಡತಿ. ಗಂಡನಿಗೆ ಗೂರಲು, ಉಬ್ಬಸ. ಅವರು ಜಗಲಿಯ ಕೆಳಗೆ ನಿಂತು ಕೇಳಿದರು: “ಸಾಮೀ, ನಮ್ಮೋರ್ಗೆ ನಾಟಿ ಕೆಲ್ಸ, ಬರಕ್ಕಾಗಕಿಲ್ಲ. ಅವ್ರ ಎಸ್ರಲ್ಲಿ ನೀವೇ ಒಸಿ ಮಾಡ್ಬುಡಿ.”

“ನಾನು ಮಾಡಿದರೆ ಅವರಿಗೆ ಹೇಗಮ್ಮ ಬರುತ್ತೆ?”

“ಅಂಗಾರೆ ಅಯ್ನೋರು ಅರ್ಚನೆ ಮಾಡದ್ ಎಂಗ್ ಬತ್ತದೆ? ಅಂಗೇ ಬತ್ತದೆ. ಉತ್ರಾ ನಕ್ಷತ್ರ, ಬರ್ಕಳಿ.”

ಆಗ ‘ಆಗುವುದಿಲ್ಲ’ ಎಂಬ ಒಂದು ಮಾತು ಹೇಳಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ. ನಾನು ನಕ್ಕೆ. ನಕ್ಕದ್ದನ್ನು ಅವರು ಒಪ್ಪಿಗೆ ಎಂದು ತಿಳಿದು, ಒಂದು ಅಚ್ಚು ಬೆಲ್ಲ ಇಟ್ಟು ಹೊರಟರು. ಬೆಲ್ಲವನ್ನು ಹಿಂದಕ್ಕೆ ಕೊಡಲು ಸಂಕೋಚ. ಕೊಡದೆ ತಿನ್ನಲು ಅದಕ್ಕಿಂತ ಸಂಕೋಚ. ಮಾರನೆಯ ಬೆಳಗ್ಗೆ ಉತ್ತರಾ ನಕ್ಷತ್ರದಲ್ಲಿ ಹುಟ್ಟಿದ ಆ ರೈತನ ಹೆಸರು ಹೇಳಿಕೊಂಡು ಒಂದು ಆಸನ ಹೆಚ್ಚಿಗೆ ಹಾಕಿದೆ. ನಾಟಿ ಮುಗಿಯಿತು, ಮೋಡ ಸರಿಯಿತು, ಗಾಳಿ ಒಣಗಿತು. ಗೂರಲು ಇರುವವರಿಗೆಲ್ಲ ಆ ಹಂಗಾಮಿನಲ್ಲಿ ಉಸಿರು ಸಲೀಸಾಗುತ್ತದೆ. ಅವನಿಗೂ ಆಯಿತು. ಹದಿನಾರಿನಿಂದ ಕವಲಂದೆಯವರೆಗೆ ಸುದ್ದಿ ಹಬ್ಬಿತು.

ಒಂದು ವರ್ಷದೊಳಗೆ ನಾನು ದಿನಕ್ಕೆ ಆರು ಜನರ ಪರವಾಗಿ ಬಗ್ಗುತ್ತಿದ್ದೆ. ನನ್ನ ಪಾಠಕ್ಕೆ ಬರುತ್ತಿದ್ದ ಹತ್ತು ಮಂದಿಯಲ್ಲಿ ಏಳು ಮಂದಿ ನಕ್ಷತ್ರ ಕೊಟ್ಟು ಮನೆಯಲ್ಲಿ ಮಲಗಿದರು. ನನ್ನ ಹೆಂಡತಿ ಒಲೆಯ ಮುಂದಿನಿಂದ ಹೇಳಿದಳು: “ಊರೋರ ಸೊಂಟಕ್ಕೆಲ್ಲ ನಿಮ್ದೊಂದೇ ಸೊಂಟ ಕಣ್ರೀ. ಅದು ಮುರ್ದೋದ್ರೆ ಯಾರ ಎಸ್ರಲ್ಲಿ ಮಲಗ್ತೀರಿ?” ಹೆಂಗಸರಿಗೆ ಶಾಸ್ತ್ರ ತಿಳಿಯದೆಂದು ನಾನು ಮುಂದಿನ ಹೆಸರಿಗೆ ಬಗ್ಗಿದೆ. ಶಾಸ್ತ್ರ ನನಗೂ ತಿಳಿದಿರಲಿಲ್ಲ. ಆ ಪ್ರಕರಣದ ಹಾಳೆ ನನ್ನ ಪುಸ್ತಕದಲ್ಲಿ ಇರಲಿಲ್ಲ.

ಹೀಗಿರುವಾಗ ನರಸೀಪುರದಿಂದ ಕಮಾನುಗಾಡಿ ಬಂತು.

ಸಾಹುಕಾರರು ಅಲ್ಲಿನ ದೊಡ್ಡ ಧಾನ್ಯದ ಮಂಡಿಯವರು. ಹೊಟ್ಟೆ ಉಬ್ಬರ, ಕಾಲು ಊತ, ನಾಲ್ಕು ಹೆಜ್ಜೆಗೆ ಏದುಸಿರು. ನಾನು ಹೋದ ದಿನ ಅವರ ತಾಯಿ ಒಳಾಂಗಣದ ತೊಟ್ಟಿಯ ಕಂಬಕ್ಕೆ ಒರಗಿ ಕುಳಿತು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಎಪ್ಪತ್ತು ದಾಟಿದ ಮುದುಕಿ. ಧ್ವನಿ ಮಾತ್ರ ಹೊಲದ ಆಚೆಬದಿಗೆ ಕೇಳುವಂಥದು.

“ಮೇಷ್ಟ್ರೇ, ಇವ್ರಪ್ಪ ಐವತ್ತು ತುಂಬ್ನಿಲ್ಲ, ಇದೇ ಊತ, ಇದೇ ಉಸ್ರು, ಓದ್ರು. ಇವ್ನಿಗೀಗ ನಲವತ್ತೆಂಟು. ನಂಗೊಬ್ನೇ ಮಗ. ಇವ್ನ್ ಮುಂದೆ ನಾನೋಗ್ಬೇಕು, ನನ್ ಮುಂದೆ ಇವ್ನ್ ಓಗ್ಬಾರ್ದು. ಅಷ್ಟೇ ನಾನ್ ಕೇಳಾದು.”

ಅವರು ಕೇಳಿದ್ದು ಇಷ್ಟು ಸ್ಪಷ್ಟವಾಗಿತ್ತು. ನಾನು ಕೊಟ್ಟ ಉತ್ತರ ಇಷ್ಟು: “ಎಲ್ಲಾ ಈಶ್ವರೇಚ್ಛೆ, ಅಮ್ಮಾವ್ರೇ. ಒಂದು ಮಂಡಲ ಸೇವೆ ನಡೆಯಲಿ.” ಒಂದು ಮಂಡಲವೆಂದರೆ ನಲವತ್ತೆಂಟು ದಿನ. ಅಷ್ಟು ದಿನವೂ ಆ ಮನೆಯಲ್ಲಿಯೇ ಇರುವುದೆಂದು ತೀರ್ಮಾನವಾಯಿತು. ಯಾರು ಏನು ಮಾಡಬೇಕೆಂಬುದು ಮಾತ್ರ ತೀರ್ಮಾನವಾಗಲಿಲ್ಲ.

ಸರ್ಕಾರಿ ಆಸ್ಪತ್ರೆಯ ಡಾಕ್ಟರು ಸಾಹುಕಾರರಿಗೆ ಊಟ ಕಡಿಮೆ ಮಾಡಿ, ಬೆಳಿಗ್ಗೆ ಸಂಜೆ ಹೊಳೆಯವರೆಗೆ ನಡೆಯಲು ಹೇಳಿದ್ದರಂತೆ. ಇಲ್ಲಿ ಬಂದ ‘ಅಂತೆ’ಗೆ ಸಾಹುಕಾರರ ಬಾಯಿಯೇ ಆಧಾರ. “ನೋಡಿ ಮೇಷ್ಟ್ರೇ, ಔಷ್ದಿ ಕೊಡಯ್ಯಾ ಅಂದ್ರೆ ನಡೀ ಅಂತಾನೆ. ನಾನೇ ನಡಿಯಾದಾದ್ರೆ ಅವ್ನ್ಯಾಕೆ ಬೇಕು? ನೀವ್ ವಾಸಿ. ನೀವೇ ಮಾಡ್ತೀರಿ.”

ಮಾರನೆಯ ದಿನದಿಂದ ಸೇವೆ ಆರಂಭವಾಯಿತು. ತೊಟ್ಟಿಯ ಒಂದು ಬದಿಗೆ ಚಾಪೆಯ ಮೇಲೆ ನಾನು. ಎದುರಿಗೆ ಉಯ್ಯಾಲೆಯ ಮೇಲೆ ಸಾಹುಕಾರರು. ಆಸನವನ್ನು ಖಾಲಿ ಹೊಟ್ಟೆಯಲ್ಲಿ ಮಾಡಬೇಕು. ಆದ್ದರಿಂದ ನಾನು ಉಪವಾಸ. ಕೇವಲ ನೋಡುವವರಿಗೆ ಆ ನಿಯಮವಿಲ್ಲ. ಆದ್ದರಿಂದ ಅವರ ಪಕ್ಕದಲ್ಲಿ ತಟ್ಟೆ. ನಾನು ಹೊಟ್ಟೆಯ ಕಾಯಿಲೆಗೆ ಪ್ರಶಸ್ತವೆಂದು ಪುಸ್ತಕ ಹೇಳುವ ಮಯೂರಾಸನವನ್ನು ಹಾಕಿ, ಎರಡು ಅಂಗೈಗಳ ಮೇಲೆ ಇಡೀ ದೇಹವನ್ನು ಮರದ ಹಲಗೆಯಂತೆ ತೂಗಿ ನಿಂತಿದ್ದರೆ, ಅವರು ನಮ್ಮೂರಿನದೇ ರಸಬಾಳೆಯ ಸಿಪ್ಪೆ ಸುಲಿಯುತ್ತ ನಿರ್ದೇಶನ ಕೊಡುತ್ತಿದ್ದರು.

“ಇನ್ನೊಸಿ ಒತ್ತು ಇರಿ ಮೇಷ್ಟ್ರೇ. ನಂದು ಬಾಳ ಹಳೇ ಉಬ್ರ.”

“ಕಾಲ್ ನಡುಗ್ತವಲ್ಲಾ? ನನ್ ಎಸ್ರಲ್ಲಿ ಮಾಡ್ವಾಗ ನಡುಗ್ಬೇಡಿ, ನೋಡೋರ್ಗೆ ಚೆನ್ನಾಗಿರಕಿಲ್ಲ.”

ಒಮ್ಮೆ ಮಂಡಿಯಿಂದ ಯಾರೋ ಬಂದು ಕರೆದಾಗ, “ತಡಿಯಪ್ಪಾ, ಯೋಗ ಮಾಡ್ತಾ ಇವ್ನಿ” ಎಂದರು. ಬಾಯಲ್ಲಿ ಎರಡನೆಯ ಹಣ್ಣಿತ್ತು.

ನಾನೇಕೆ ಸುಮ್ಮನಿದ್ದೆ? ಇದಕ್ಕೆ ನಲವತ್ತು ವರ್ಷಗಳಲ್ಲಿ ಹಲವು ಗೌರವಯುತವಾದ ಉತ್ತರಗಳನ್ನು ಸಿದ್ಧಮಾಡಿಕೊಂಡಿದ್ದೇನೆ; ನಿಜವಾದದ್ದು ಒಂದೇ. ಆ ಮನೆಯವರು ನನ್ನನ್ನು ತಿಳಿದವನೆಂದು ನಂಬಿದ್ದರು, ಆ ನಂಬಿಕೆ ನನಗೆ ಹಿತವಾಗಿತ್ತು. ಮೊದಲ ವಾರದಲ್ಲಿ ಆಸನದ ವಿಷಯ ಕೇಳಿದರು. ಎರಡನೆಯ ವಾರದಲ್ಲಿ ಹೊಸ ಬಾವಿಯನ್ನು ಎಲ್ಲಿ ತೋಡಬೇಕೆಂದು ಕೇಳಿದರು. ತೋಟದ ಮೂಲೆಯೊಂದನ್ನು ಗಂಭೀರವಾಗಿ ತೋರಿಸಿದೆ. ಮೂರನೆಯ ವಾರದಲ್ಲಿ ತಪ್ಪಿಸಿಕೊಂಡ ಎತ್ತು ಯಾವ ದಿಕ್ಕಿಗೆ ಹೋಗಿರಬಹುದೆಂದರು. ಕಣ್ಣು ಮುಚ್ಚಿ ‘ದಕ್ಷಿಣ’ ಎಂದೆ. ಎತ್ತು ಉತ್ತರದ ಕಡೆಯಿಂದ ತಾನಾಗಿಯೇ ಬಂತು. ದಕ್ಷಿಣಕ್ಕೆ ಹೋಗಿ ಸುತ್ತಿಕೊಂಡು ಬಂದಿರಬೇಕೆಂದು ಮನೆಯವರೇ ನನ್ನ ಮರ್ಯಾದೆ ಉಳಿಸಿದರು. ಬಾವಿಯಲ್ಲಿ ಮಾತ್ರ ಬಂಡೆ ಸಿಕ್ಕಿತು.

ಆದರೆ ದಿನದಿನಕ್ಕೆ ಒಂದು ಸಂಗತಿ ನನ್ನನ್ನು ಹಿಂಡತೊಡಗಿತು. ಸಾಹುಕಾರರು ಬಚ್ಚಲಿನಿಂದ ತೊಟ್ಟಿಗೆ ಬರುವ ಹದಿನೈದು ಹೆಜ್ಜೆಗೆ ಮೊದಲು ಒಂದು ಸಲ ನಿಲ್ಲುತ್ತಿದ್ದರು. ಈಗ ಎರಡು ಸಲ ನಿಲ್ಲುತ್ತಿದ್ದರು. ನಿಂತಾಗ ಕಂಬ ಹಿಡಿಯುತ್ತಿದ್ದ ಕೈಯ ಉಂಗುರ ಮಾಂಸದಲ್ಲಿ ಹೂತಿತ್ತು. ಉಯ್ಯಾಲೆಯ ಮೇಲಿನ ತಮಾಷೆಯ ಮನುಷ್ಯ ಆ ಕಂಬದ ಹತ್ತಿರ ಕಾಣುತ್ತಿರಲಿಲ್ಲ. ನಾನು ಅಲ್ಲಿರುವುದರಿಂದಲೇ ಇವರು ಡಾಕ್ಟರ ಮಾತು ಕೇಳುತ್ತಿಲ್ಲ ಎಂಬುದು ನನಗೆ ಅರ್ಥವಾಗಿತ್ತು. ಹೇಳಬೇಕೆಂದು ಪ್ರತಿ ಬೆಳಗ್ಗೆ ನಿರ್ಧರಿಸುತ್ತಿದ್ದೆ. ಮಧ್ಯಾಹ್ನದ ಊಟಕ್ಕೆ ಎಣ್ಣೆಗಾಯಿ ಬಡಿಸುವ ಹೊತ್ತಿಗೆ ಆ ನಿರ್ಧಾರ ಮೆತ್ತಗಾಗುತ್ತಿತ್ತು.

ಮುದುಕಿ ಎಲ್ಲವನ್ನೂ ನೋಡುತ್ತಿದ್ದರು. ಮೂವತ್ತೆರಡನೆಯ ದಿನ ಅವರು ಕಂಬದ ಬಳಿಯಿಂದ ನನ್ನನ್ನು ಕರೆದರು.

“ಮೇಷ್ಟ್ರೇ, ಬಂದಾಗ ನಿಮ್ಗೊಂದು ಒಟ್ಟೆ ಇತ್ತು. ಈಗ ಎಲ್ಲೋಯ್ತು?”

“ಆಸನದಿಂದ ಕರಗಿದೆ, ಅಮ್ಮಾವ್ರೇ.”

“ನನ್ ಮಗನ ಒಟ್ಟೆ?”

ನಾನು ಹೆಗಲ ಮೇಲಿನ ಉತ್ತರೀಯ ಸರಿಮಾಡಿಕೊಂಡೆ.

“ಪುಣ್ಯ ಏನಾರ ದಾರಿ ತಪ್ತಾ ಅಂತ. ಆ ಎತ್ತಿನಂಗೆ.” ಆಮೇಲೆ ಧ್ವನಿ ತಗ್ಗಿಸಿ ಕೇಳಿದರು: “ದೇವ್ರಾಣೆ ಮಾಡಿ ಏಳಿ. ಇದ್ರಿಂದ ನನ್ ಮಗ ಉಳಿತಾನಾ?”

ಊರವರ ಕಥೆಯಲ್ಲಿ ನಾನು ಗುಡುಗುವುದು ಇಲ್ಲಿರಬೇಕು. ನಾನು ಹೇಳಿದ್ದು: “ಇನ್ನೂ ಹದಿನಾರು ದಿನ ಇದೆಯಲ್ಲ, ನೋಡೋಣ.” ಹೇಳಿ ಹೊಳೆಯ ಕಡೆಗೆ ಹೋದೆ. ಕಾವೇರಿ ಕಪಿಲೆಗಳು ಕೂಡುವಲ್ಲಿ ಕುಳಿತು, ನಾಳೆ ಏನಾದರಾಗಲಿ ಹೇಳಿಬಿಡುವುದೆಂದು ನಿಶ್ಚಯಿಸಿ, ಆ ಭಾಷಣವನ್ನು ಒಳ್ಳೆಯ ಗ್ರಾಂಥಿಕ ಭಾಷೆಯಲ್ಲಿ ಬಾಯಿಪಾಠ ಮಾಡಿಕೊಂಡೆ. ಅದು ನಿಜಕ್ಕೂ ಒಳ್ಳೆಯ ಭಾಷಣವಾಗಿತ್ತು. ಅದನ್ನು ಕೇಳಿದ್ದು ಅಲ್ಲಿ ಬಟ್ಟೆ ಒಗೆಯುತ್ತಿದ್ದ ಅಗಸರೊಬ್ಬರು ಮಾತ್ರ.

ಮಾರನೆಯ ಬೆಳಗ್ಗೆ ಮಯೂರಾಸನದಲ್ಲಿ ತೂಗುತ್ತ, ಭಾಷಣದ ಮೊದಲ ವಾಕ್ಯವನ್ನು ನೆನಪಿಸಿಕೊಳ್ಳುತ್ತಿದ್ದೆ. ಮನಸ್ಸು ಮಾತಿನ ಕಡೆಗೆ ಹೋಯಿತು, ಭಾರ ಬಲಗೈಯ ಕಡೆಗೆ ಹೋಯಿತು. ನವಿಲು ಮಗುಚಿಕೊಂಡು ಬಿತ್ತು. ಬಲಗೈಯ ಮಣಿಕಟ್ಟು ನನ್ನ ಎದೆಯ ಕೆಳಗೆ ಸಿಕ್ಕಿ ‘ಲಟ್’ ಎಂದದ್ದನ್ನು ಆ ತೊಟ್ಟಿಯಲ್ಲಿದ್ದವರೆಲ್ಲ ಕೇಳಿದರು.

ಆಮೇಲೆ ನಡೆದದ್ದನ್ನು ಇಂದಿನವರು ನಂಬುವುದು ಕಷ್ಟ. ನಾನು ಚಾಪೆಯ ಮೇಲೆ ಕೈ ಹಿಡಿದುಕೊಂಡು ನರಳುತ್ತಿದ್ದೆ. ಸಾಹುಕಾರರು ಉಯ್ಯಾಲೆಯ ಮೇಲಿಂದ ಬಿಳುಚಿಕೊಂಡು ಕೂಗಿದರು: “ಅಯ್ಯಯ್ಯೋ! ನನ್ ಎಸ್ರಲ್ಲಿ ಬಿದ್ರಲ್ಲೋ! ಬಲಗೈ ಕಣ್ರೋ, ಬಲಗೈ!” ಎಂದವರೇ ತಮ್ಮ ಬಲಗೈಯನ್ನು ಎತ್ತಿ ಎದೆಗೆ ಒತ್ತಿಕೊಂಡರು. ಮನೆಯ ಆಳುಗಳು ಬಿಸಿ ಎಣ್ಣೆಯ ಬಟ್ಟಲು ತಂದರು. ನನ್ನನ್ನು ದಾಟಿ ಹೋದರು. ಒಬ್ಬನು ಸಾಹುಕಾರರ ಮಣಿಕಟ್ಟಿಗೆ ಎಣ್ಣೆ ತಿಕ್ಕಿದ; ಇನ್ನೊಬ್ಬನು ಬಟ್ಟೆಯ ಪಟ್ಟಿ ಹರಿದು ಸುತ್ತಿದ. ಸಾಹುಕಾರರು ‘ಮೆಲ್ಲಗೆ, ಮೆಲ್ಲಗೆ’ ಎನ್ನುತ್ತಿದ್ದರು. ಅವರು ನಟಿಸುತ್ತಿರಲಿಲ್ಲ. ಸೇವೆ ಅವರದಾದ ಮೇಲೆ ಸೇವೆಗೆ ಆದ ಭಂಗವೂ ಅವರದೇ. ನಾನೇ ಒಪ್ಪಿಕೊಂಡ ತರ್ಕ ಅದು. ಅದರಲ್ಲಿ ಒಂದು ತಪ್ಪೂ ಇರಲಿಲ್ಲ. ನೋವಿನ ನಡುವೆಯೂ, ಎಣ್ಣೆಯನ್ನು ಸರಿಯಾದ ಕೈಗೇ ಹಚ್ಚುತ್ತಿದ್ದಾರೆಂದು ಅರೆಕ್ಷಣ ನನಗೂ ಅನಿಸಿತೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಮುದುಕಿ ಎದ್ದರು. ಕೋಲೂರಿಕೊಂಡು ಉಯ್ಯಾಲೆಯ ಹತ್ತಿರ ಹೋಗಿ ಮಗನ ಪಟ್ಟಿ ಸುತ್ತಿದ ಕೈಯನ್ನು ಹಿಡಿದು ಒಮ್ಮೆ ಜಗ್ಗಿದರು.

“ನೋವಾಯ್ತದಾ?”

“ಇಲ್ಲ ಕಣವ್ವ,” ಎಂದರು ಸಾಹುಕಾರರು, ತಮಗೇ ಆಶ್ಚರ್ಯವಾದಂತೆ.

“ಅಲ್ಲಿ ನೋಡ್ಲಾ. ಆಯಪ್ಪನ್ ಕೈ ಬೂದ್ಗುಂಬ್ಳದಂಗೆ ಊದದೆ. ಅವ್ರ ನೋವೇ ನಿಂಗ್ ಬರ್ನಿಲ್ಲ ಅಂದ್ಮೇಕೆ, ಅವ್ರ ಗುಣ ಎಂಗ್ಲಾ ಬಂದದು? ಉಣ್ಣೋನು ನೀನು, ಬಗ್ಗೋರು ಅವ್ರಾ? ಇಳಿ ಉಯ್ಯಾಲಿಂದ!”

ಸಾಹುಕಾರರು ಇಳಿಯಲಿಲ್ಲ. “ನಾನ್ ಬಿದ್ದೋದ್ರೆ?” ಎಂದರು. ಬಗ್ಗಲು ಅವರಿಗೆ ಸೋಮಾರಿತನವಲ್ಲ, ಭಯ; ತಂದೆ ಹೋದದ್ದನ್ನು ಅವರು ಕಣ್ಣಾರೆ ನೋಡಿದ್ದರು. ಒಂದು ತಿಂಗಳಿಗೆ ಮೀರಿ ಎದುರಿಗಿದ್ದ ನಾನು ಆ ಭಯದ ಬಗ್ಗೆ ಒಮ್ಮೆಯೂ ಕೇಳಿರಲಿಲ್ಲ. ಕೇಳುವುದಕ್ಕೇ ಅಲ್ಲವೇ ಮೇಷ್ಟರು ಇರುವುದು?

ಆಗ ನನ್ನ ಬಾಯಿಂದ ಒಂದು ಮಾತು ಬಂತು. ಹೊಳೆಯ ದಂಡೆಯ ಭಾಷಣವಲ್ಲ. “ಸಾಹುಕಾರ್ರೇ, ಈ ಬಗ್ಗೋದೆಲ್ಲ ನಿಮಗೆ ಬೇಡ. ನೆಲದ ಮೇಲೆ ಕೂತು ಎದ್ದರೆ ಸಾಕು. ನಾನು ಪಕ್ಕದಲ್ಲಿ ನಿಂತಿರ್ತೀನಿ. ಕಾಯಿಲೆ ವಾಸಿಯಾಗುತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಗುರುವಿನಿಂದ ಸರಿಯಾಗಿ ಕಲಿತಿರೋದು ಏಳೇ ಆಸನ.”

“ಏಳೇನಾ?” ಎಂದರು ಸಾಹುಕಾರರು.

“ಇವತ್ತಿಂದ ಆರು,” ಎಂದೆ, ಕೈ ನೋಡಿಕೊಂಡು.

ಅವರು ನಕ್ಕರು. ನಗುತ್ತಲೇ ಕಾಲು ಕೆಳಗಿಟ್ಟರು.

ಆದರೆ ಮುದುಕಿಗೆ ನಗು ಸಾಲಲಿಲ್ಲ. ಮಗನನ್ನೂ ನಂಬಲಿಲ್ಲ, ನನ್ನನ್ನಂತೂ ನಂಬಲಿಲ್ಲ. “ಇಬ್ರೂ ನಾಳಿಕೆ ಮರ್ತೋಯ್ತೀರಿ. ಬಾ ಮಗಾ, ಬರಿ,” ಎಂದು ಮೊಮ್ಮಗನ ಹೆಂಡತಿಯನ್ನು ಕರೆದರು. ಆಕೆ ಮೈಸೂರಿನಲ್ಲಿ ಶಾಲೆಗೆ ಹೋಗಿ ಓದಿದ್ದ ಹೊಸ ಸೊಸೆ. ಅಷ್ಟು ದಿನಗಳಲ್ಲಿ ನಾನು ಅವರ ಧ್ವನಿಯನ್ನೇ ಕೇಳಿರಲಿಲ್ಲ. ಅಂದು ಕೇಳಿದೆ. ಅಜ್ಜಿ ಬಾಯಿಗೆ ಬಂದಂತೆ ಹೇಳಿದ್ದನ್ನು ಆಕೆ ನಿಲ್ಲಿಸಿ, ಕೇಳಿ, ಬರವಣಿಗೆಯ ಭಾಷೆಗೆ ತಿರುಗಿಸಿದರು.

“ಇನ್ಮೇಲೆ ಯಾರ ಎಸ್ರಲ್ಲೂ ಯಾರೂ ಬಗ್ಗಂಗಿಲ್ಲ. ಬರ್ದಾ?”

“ಮೈ ಯಾರದೋ ಆಸನ ಅವರದು ಅಂತ ಬರೀಲಾ, ಅಜ್ಜಿ?”

“ಅಂಗೇ ಬರಿ. ಮೇಷ್ಟ್ರು ವಾಸಿ ಮಾಡ್ತೀನಿ ಅನ್ನಂಗಿಲ್ಲ. ಅದು ಡಾಕ್ಟ್ರಿಗೆ, ದೇವ್ರಿಗೆ. ಇವ್ನು ಡಾಕ್ಟ್ರ ತಾವ್ಕೂ ಓಗ್ಬೇಕು.”

“ಅವ್ವಾ, ಅವ್ನು ನಡೀ ಅಂತಾನೆ.”

“ನಡೀಲಾ! ಬರ್ಕ ಮಗಾ. ಪಾಠದೊತ್ನಲ್ಲಿ ಇವ್ನು ಸಾವ್ಕಾರ ಅಲ್ಲ, ಮೇಷ್ಟ್ರುಗೆ ಅಂಗ್ ಮಾಡಿ ಇಂಗ್ ಮಾಡಿ ಅನ್ನಂಗಿಲ್ಲ. ಪಾಠ ಮುಗುದ್ಮೇಲೆ ಅವ್ರು ಗುರುಗಳಲ್ಲ. ಬಾವಿ, ಎತ್ತು, ಲಗ್ನ ಕೇಳಂಗಿಲ್ಲ.”

“ಕೇಳಿದ್ರೂ ಮೇಷ್ಟ್ರು ಹೇಳಬಾರದು ಅಂತ ಸೇರಿಸ್ಲಾ?” ಎಂದು ಸೊಸೆ ತಲೆ ತಗ್ಗಿಸಿಯೇ ಕೇಳಿದರು. ಬಾವಿಯ ಬಂಡೆಯನ್ನು ಆ ಮನೆಯಲ್ಲಿ ಯಾರೂ ಮರೆತಿರಲಿಲ್ಲವೆಂದು ನನಗೆ ಆಗ ತಿಳಿಯಿತು.

ನನ್ನ ಪಾಲಿನ ಗೌರವ ಪೂರ್ತಿ ಹೋಗುವ ಮೊದಲು ಒಂದಿಷ್ಟಾದರೂ ಉಳಿಸಿಕೊಳ್ಳೋಣವೆಂದು, “ಅಮ್ಮಾವ್ರೇ, ‘ಗುರುವಾಕ್ಯವೇ ಪ್ರಮಾಣ’ ಎಂದು ಒಂದು ಸಾಲು ಇರಲಿ,” ಎಂದೆ.

“ಅದ್ ಬ್ಯಾಡಿ ಮೇಷ್ಟ್ರೇ. ವಾಕ್ಯ ಜಾಸ್ತಿ ಆಗೇ ಇಲ್ಲೀಗಂಟ ಬಂದಿರಾದು.”

ಹೊತ್ತಿನ ವಿಷಯ ಬಂತು. ಬಿಸಿಲು ತೊಟ್ಟಿಯ ಒರಳುಕಲ್ಲಿಗೆ ಬಂದಾಗ ಪಾಠ ಆರಂಭ, ಮೂಡಲ ಕಂಬ ಬಿಟ್ಟಾಗ ಮುಕ್ತಾಯ. ಪಾಠಕ್ಕೆ ಮುಂಚೆ ಇಬ್ಬರೂ ಉಣ್ಣುವಂತಿಲ್ಲ. ನೋವಾದರೆ ಹೇಳಬೇಕು, ಹೇಳಿದೊಡನೆ ನಿಲ್ಲಿಸಬೇಕು. ನಾನು ಆ ಮನೆಯಲ್ಲಿ ವಾಸ ಮಾಡದೆ ಛತ್ರದಲ್ಲಿ ಇಳಿದುಕೊಳ್ಳಬೇಕು. ಇದು ಎಣ್ಣೆಗಾಯಿಯ ದೃಷ್ಟಿಯಿಂದ ನನಗೆ ಅತ್ಯಂತ ಕಠಿಣವಾದ ಷರತ್ತು. ಸಹಿ ಹಾಕಿದೆ.

ಉಳಿದ ಹದಿನೈದು ದಿನಗಳಲ್ಲಿ ಸಾಹುಕಾರರು ಕಲಿತದ್ದು ಇಷ್ಟು: ನೆಲದ ಮೇಲೆ ಕೂರುವುದು, ಕೈಯೂರದೆ ಏಳುವುದು, ಏಳುವಾಗ ಉಸಿರು ಬಿಡುವುದು. ಮೊದಲ ದಿನ ಒಂದು ಸಲ ಎದ್ದರು, ಅದೂ ನನ್ನ ಎಡಗೈ ಹಿಡಿದು. ಕೊನೆಯ ದಿನ ಏಳು ಸಲ. ಯಾವ ಪುಸ್ತಕದಲ್ಲಿಯೂ ಆ ಆಸನಕ್ಕೆ ಹೆಸರಿಲ್ಲ. ಮಂಡಲ ಮುಗಿದ ಮೇಲೂ ಅವರು ಅದನ್ನು ಬಿಡಲಿಲ್ಲ. ಡಾಕ್ಟರ ಮಾತಿನಂತೆ ಹೊಳೆಯವರೆಗೆ ನಡೆದರು, ರಾತ್ರಿಯ ಊಟ ಅರ್ಧ ಮಾಡಿದರು. ಐವತ್ತು ದಾಟಿತು. ಮುದುಕಿ ತಾವು ಕೇಳಿದ್ದ ಕ್ರಮದಲ್ಲಿಯೇ, ಮಗನಿಗಿಂತ ಮುಂಚೆ ಹೋದರು. ಮಗ ಆಮೇಲೂ ಬಹಳ ವರ್ಷ ಇದ್ದರು. ಅದಕ್ಕೆ ಕಾರಣ ಆಸನವೋ, ನಡಿಗೆಯೋ, ಊಟ ಕಡಿಮೆ ಮಾಡಿದ್ದೋ ನಾನು ಹೇಳಲಾರೆ. ಹೇಳಿದರೆ ಆ ಕಾಗದದ ಎರಡನೆಯ ಷರತ್ತನ್ನು ಮುರಿದಂತಾಗುತ್ತದೆ.

ನಂಜನಗೂಡಿಗೆ ಮರಳಿ ಬಂದು, ನಕ್ಷತ್ರ ಕೊಟ್ಟವರಿಗೆಲ್ಲ ಒಬ್ಬೊಬ್ಬರಿಗೆ ಹೋಗಿ ಹೇಳಿದೆ. ಕೆಲವರು ಬೈದರು, ಕೆಲವರು ಬೆಲ್ಲ ವಾಪಸು ಕೇಳಿದರು. ಹದಿನಾರಿನ ಆ ರೈತನ ಹೆಂಡತಿ ಮಾತ್ರ ಸ್ವಲ್ಪವೂ ಬೇಸರಪಡಲಿಲ್ಲ. “ಅಂಗಾರೆ ನಂಗೇ ಏಳ್ಕೊಡಿ ಸಾಮಿ. ಅವ್ರ ಎಸ್ರಲ್ಲಿ ನಾನೇ ಮಾಡ್ತೀನಿ,” ಎಂದರು. ಎಲ್ಲವನ್ನೂ ವಿವರಿಸಿದ್ದು ವ್ಯರ್ಥವಾಯಿತೆಂದು ಮೊದಲು ಅನಿಸಿತು. ಅವರು ಎರಡು ವರ್ಷ ತಪ್ಪದೆ ಬಂದು ಕಲಿತರು. ಬಹುಶಃ ನನಗೆ ಸಿಕ್ಕ ಮೊದಲ ನಿಜವಾದ ಶಿಷ್ಯರು ಅವರೇ.

ಗುಡುಗಿನ ಕಥೆ ಹುಟ್ಟಿದ್ದು ಹೇಗೆಂದು ಈಗ ಓದುಗರೇ ಊಹಿಸಬಹುದು. ಆ ಮಾತುಗಳು ಮುದುಕಿಯವು, ಮಗನಿಗೆ ಆಡಿದವು, ಬೀದಿಯವರೆಗೆ ಕೇಳಿಸಿದವು. ತಾಯಿ ಮಗನಿಗೆ ಬೈದರೆ ಅದು ಯಾವ ಊರಿನಲ್ಲಿಯೂ ಕಥೆಯಾಗುವುದಿಲ್ಲ. ಮೇಷ್ಟರು ಬೈದರೆ ಆಗುತ್ತದೆ. ಆದ್ದರಿಂದ ಆ ಮಾತಿಗೆ ಯಾರೋ ನನ್ನ ಬಾಯಿ ಜೋಡಿಸಿದರು. ಆಮೇಲೆ ಬಂದವರು ಶಾಲು ಹೊದಿಸಿದರು.

ನನ್ನ ಮಾತನ್ನೂ ಹಾಗೆಯೇ ನಂಬಬೇಕಾಗಿಲ್ಲ. ಆ ಸೊಸೆ ಈಗ ಸ್ವತಃ ಅಜ್ಜಿಯಾಗಿ ನರಸೀಪುರದಲ್ಲಿ, ಹೊಳೆಗೆ ಇಳಿಯುವ ಬೀದಿಯ ಅದೇ ಮನೆಯಲ್ಲಿದ್ದಾರೆ. ಕಾಗದ ಅವರ ತಗಡಿನ ಪೆಟ್ಟಿಗೆಯಲ್ಲಿದೆ. ಏಳು ಷರತ್ತುಗಳು, ಅವರದೇ ದುಂಡು ಅಕ್ಷರ. ಮೂರನೆಯದರಲ್ಲಿ ‘ಮೇಷ್ಟರು ಹೇಳಬಾರದು’ ಎಂಬುದನ್ನು ಸಾಲಿನ ಮೇಲೆ ಸಣ್ಣದಾಗಿ ಸೇರಿಸಿದೆ. ಕೆಳಗೆ ‘ಒಪ್ಪಿದ್ದೇನೆ’ ಎಂದು ನನ್ನ ಸಹಿ ಇದೆ. ಬಲಗೈಗೆ ಪಟ್ಟಿ ಕಟ್ಟಿದ್ದರಿಂದ ಎಡಗೈಯಲ್ಲಿ ಹಾಕಿದ್ದು; ಜೇಡ ಶಾಯಿಯಲ್ಲಿ ಬಿದ್ದು ಎದ್ದು ಹೋದಂತಿದೆ. ಬಸ್ಸಿನಲ್ಲಿ ಹೋಗಿ ಯಾರು ಬೇಕಾದರೂ ನೋಡಬಹುದು. ಊಟವಾದ ಮೇಲೆ ಹೋಗಬೇಕು. ಅವರಿಗೆ ಕಣ್ಣು ಮಂಜಾಗಿರುವುದರಿಂದ ನೋಡುವವರೇ ಗಟ್ಟಿಯಾಗಿ ಓದಬೇಕು. ಒಂದು ಅಕ್ಷರ ತಪ್ಪಿದರೂ ಅವರು ನಿಲ್ಲಿಸಿ, ತಿದ್ದಿ, ಮತ್ತೆ ಮೊದಲಿನಿಂದ ಓದಿಸುತ್ತಾರೆ.